ಗಾಲಿ, ಗಾಳಿ ಮತ್ತು ಸರೋಜಕ್ಕ

ಹೊಸದು ಏನೇ ಬರಲಿ, ಸರೋಜಕ್ಕ ಕೇಳುತ್ತಿದ್ದುದು ಒಂದೇ ಮಾತು: "ಇದು ಯಾರನ್ನ ತಿಂತೈತಿ?" ಹೊಸ ಫ್ಯಾನು, ಹೊಸ ತೂಕದ ಯಂತ್ರ, ಹೊಸ ವಾಚ್‌ಮನ್, ಕೊನೆಗೆ ಚಹಾದಂಗಡಿಯವನು ತಂದ ಹೊಸ ಗ್ಯಾಸಿನ ಒಲೆ, ಯಾವುದಕ್ಕೂ ಈ ಪ್ರಶ್ನೆಯಿಂದ ಬಿಡುಗಡೆ ಇರಲಿಲ್ಲ. ಕೇಳಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ, ಉತ್ತರ ಬರುವ ತನಕ ಎದುರಿಗಿದ್ದವರ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ನಗುವವರು ನಗುತ್ತಿದ್ದರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಮ್ಮದು ಬ್ಯಾಡಗಿಯ ಹೊರಗೆ, ಮೋಟೆಬೆನ್ನೂರ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜು. ಮೆಣಸಿನಕಾಯಿ ಚೀಲಗಳನ್ನು ತಣ್ಣಗಿಟ್ಟು ದರ ಬಂದಾಗ ಹೊರತೆಗೆಯುವ ಜಾಗ. ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ಆ ಕೋಣೆಗೆ ಯಜಮಾನತಿ ಸರೋಜಕ್ಕ. ಐವತ್ತು ದಾಟಿದವಳು, ರಾಣೆಬೆನ್ನೂರಿನಿಂದ ದಿನಾ ಬಸ್ಸಿಗೆ ಬರುವವಳು. ನನ್ನ ಅವ್ವ ನೀಲವ್ವ ಅದೇ ಸ್ಟೋರೇಜಿನಲ್ಲಿ ಮೊದಲಿನಿಂದ ಕೆಲಸಕ್ಕಿದ್ದಳು. ಹರಿದ ಚೀಲ ಹೊಲಿಯುವ, ಚೆಲ್ಲಿದ ಕಾಯಿ ಗುಡಿಸುವ ಹೆಂಗಸರ ಗ್ಯಾಂಗಿಗೆ ಅವಳೇ ಮುಂದಾಳು. ಹೀಗಾಗಿ ನಾನು ಹೊರಗೆ ಕುರ್ಚಿಯ ಮೇಲೆ, ಅವ್ವ ಒಳಗೆ ಹಲ್ಲು ಕಟಕಟಿಸುವ ಚಳಿಯಲ್ಲಿ. ನಡುವೆ ಒಂದು ಗೋಡೆ, ಒಂದು ದಪ್ಪ ಬಾಗಿಲು.

ಆ ಚಳಿಗೆ ಕಾರಣ ಅಮೋನಿಯಾ. ಕೊಳವೆಯೊಳಗೆ ಇರುವಷ್ಟು ಹೊತ್ತು ಅದು ಸಾಧು, ಹೊರಗೆ ಬಂದರೆ ಯಮ. ಒಳಗಿನ ಗಾಳಿಯಲ್ಲಿ ಅದು ಸ್ವಲ್ಪ ಕಂಡರೂ ಸೈರನ್ ಕೂಗಿಸಿ, ದೊಡ್ಡ ಫ್ಯಾನುಗಳನ್ನು ತಿರುಗಿಸುವ ಒಂದು ಪ್ರೋಗ್ರಾಂ ನಮ್ಮ ಕಂಪ್ಯೂಟರಿನಲ್ಲಿ ಹಗಲೂ ರಾತ್ರಿ ನಡೆಯುತ್ತಿತ್ತು. ಅದರ ಹೆಸರು 'ಗಾಳಿ'. ಲಾರಿಗಳ ತೂಕ ಬರೆದುಕೊಳ್ಳುವ ಇನ್ನೊಂದು ಪ್ರೋಗ್ರಾಮಿಗೆ 'ಗಾಲಿ' ಅಂತ ಹೆಸರು. ಎರಡಕ್ಕೂ ನಾಮಕರಣ ಮಾಡಿದವಳು ಸರೋಜಕ್ಕ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಲ-ಕಾರಕ್ಕೆ ಸಣ್ಣ ಎಲ್, ಳ-ಕಾರಕ್ಕೆ ದೊಡ್ಡ ಎಲ್. ಕನ್ನಡ ಟೈಪಿಂಗ್ ಕಲಿತವರಿಗೆ ಇದು ಉಸಿರಾಡಿದಷ್ಟು ಸಹಜ. ನಿಲ್ಲಿಸಬೇಕಾದರೆ 'ನಿಲ್ಲು' ಅಂತ ಬರೆದು ಮುಂದೆ ಹೆಸರು, ನಡೆಸಬೇಕಾದರೆ 'ನಡಿ' ಅಂತ ಬರೆದು ಮುಂದೆ ಹೆಸರು. ಕಂಪ್ಯೂಟರಿಗೂ ಅವಳು ಎತ್ತಿಗೆ ಹೇಳುವ ಭಾಷೆಯನ್ನೇ ಕಲಿಸಿದ್ದಳು.

ಇದೆಲ್ಲ ನಡೆಯುತ್ತಿದ್ದುದು ಶೆಲ್ಲಿನಲ್ಲಿ. ಚಿತ್ರವಿಲ್ಲ, ಮೌಸಿನ ಹಂಗಿಲ್ಲ. ಕರಿ ಪರದೆಯ ಮೇಲೆ ಮಾತು ಬರೆದು ಎಂಟರ್ ಒತ್ತಿದರೆ ಕಂಪ್ಯೂಟರು ಹೇಳಿದಂತೆ ಕೇಳುತ್ತದೆ. ಸರೋಜಕ್ಕನ ಬಾಯಲ್ಲಿ ಅದು 'ಕರೇ ಹಲಗಿ'.

"ಈ ಕರೇ ಹಲಗಿ ಗುಣ ತಿಳಕೋ ಗೀತಾ," ಎಂದು ಮೊದಲ ದಿನವೇ ಹೇಳಿದ್ದಳು. "ಹೇಳಿದ ಕೆಲಸ ಆತಂದ್ರ ಪಿಟ್ಟ್ ಅನ್ನಂಗಿಲ್ಲ. ಆಗಲಿಲ್ಲಂದ್ರ ಮಾತ್ರ ಒದರತೈತಿ. ನೀ ತಪ್ಪ ಕೆಲಸಾನ ಸರಿಯಾಗಿ ಹೇಳಿದಿ ಅಂತಿಟ್ಕೋ, ಅದನ್ನೂ ಸುಮ್ಮಕ ಮಾಡಿ ಮುಗಸ್ತೈತಿ."

"ಅಕ್ಕಾರ, ಹಿಂಗ ಅಂಜಿಸಿದ್ರ ನಾ ನಾಳೆ ಬರಂಗಿಲ್ಲ ನೋಡ್ರಿ," ಎಂದೆ.

"ಅಂಜಿದ್ರ ಬಾ. ಅಂಜದಿದ್ರ ಬರಬ್ಯಾಡ," ಎಂದಳು, ನಗದೆ.

ಅವಳ ಅಂಜಿಕೆಗೆ ಬೇರು ಇತ್ತು. ಅವಳ ಗಂಡ ರಾಣೆಬೆನ್ನೂರಿನ ಒಂದು ಐಸ್ ಫ್ಯಾಕ್ಟರಿಯಲ್ಲಿದ್ದ. ಒಂದು ದಿನ ಕೊಳವೆಯ ಬಾಯಿ ಬಿಚ್ಚಿ ಅಮೋನಿಯಾ ಅವನ ಮುಖಕ್ಕೇ ಹೊಡೆಯಿತು. ಅವತ್ತೇ ಸಾಯಲಿಲ್ಲ ಪುಣ್ಯಾತ್ಮ. ವರ್ಷಗಟ್ಟಲೆ ಕೆಮ್ಮಿ ಸತ್ತ. ಆ ಕೆಮ್ಮಿನ ಪಕ್ಕದಲ್ಲಿ ಮಲಗಿ, ಬೆಳಗಾದರೆ ಹಾವೇರಿಗೆ ಹೋಗಿ ಕಂಪ್ಯೂಟರ್ ಕಲಿತು, ಈ ಕೆಲಸ ಹಿಡಿದವಳು ಅವಳು. "ಎಲ್ಲಾ ಬಿಟ್ಟು ಮತ್ತ ಅದೇ ಗ್ಯಾಸಿನ ಬಾಗಲಿಗ್ಯಾಕ ಬಂದ್ರಿ?" ಎಂದು ಒಮ್ಮೆ ಕೇಳಿದ್ದೆ. "ಅದರ ಮ್ಯಾಲ ಒಂದ ಕಣ್ಣ ಇಟ್ಟರ ನನಗ ನಿದ್ದಿ ಬರತೈತಿ," ಎಂದಿದ್ದಳು. ನನಗೆ ಆಗ ಇದು ಅತಿ ಅನಿಸಿತ್ತು. ಹಾವು ಕಡಿದವನಿಗೆ ಹಗ್ಗ ಕಂಡರೂ ಅಂಜಿಕೆ ಅಂತಾರಲ್ಲ, ಹಾಗೆ ಅಂದುಕೊಂಡಿದ್ದೆ.

ಬೆಳಿಗ್ಗೆ ಬಂದ ಕೂಡಲೇ ಅವಳ ಮೊದಲ ಕೆಲಸ ಸೈರನ್ ಪರೀಕ್ಷೆ. ಹೆಂಗಸರೆಲ್ಲ ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿರುವಾಗ ಒಮ್ಮೆ 'ನಿಲ್ಲು ಗಾಳಿ', ಮತ್ತೆ 'ನಡಿ ಗಾಳಿ'. ಶುರುವಾಗುವಾಗ ಸೈರನ್ ಒಂದು ಸಲ ಚೂರು ಕೂಗಿ ನಿಲ್ಲುತ್ತಿತ್ತು. ಆ ಕೂಗು ಕೇಳಿದ ಮೇಲೆಯೇ "ಹೋಗ್ರಬೇ ಒಳಗ," ಎಂದು ಕೂಗುತ್ತಿದ್ದಳು. ಅವ್ವ ಏಳುತ್ತ, "ನಮ್ಮ ಸರೋಜವ್ವ ಕೋಳಿ ಕೂಗಿಸಿದ್ಲು, ಬೆಳಗಾತು, ನಡೀರಿ," ಎನ್ನುತ್ತಿದ್ದಳು. ಇಬ್ಬರೂ ಒಂದೇ ವಾರಿಗೆಯವರು, ಒಬ್ಬರನ್ನೊಬ್ಬರು ಕಾಡಿಸದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಅಂಥವಳ ಮುಂದೆ ಹಾವೇರಿಯ ಕಂಪ್ಯೂಟರ್ ಅಂಗಡಿಯ ಕಿರಣ ಬಂದು ನಿಂತು, ಶೆಲ್ಲಿನ ಹೊಸ ಆವೃತ್ತಿ ಬಂದಿದೆ, ಹಾಕಲೇಬೇಕು ಎಂದ.

"ಹಳೇದಕ್ಕ ಏನ ರೋಗ ಬಂದೈತಿ?" ಎಂದಳು ಸರೋಜಕ್ಕ.

"ರೋಗ ಬಂದ್ರ ಇನ್ನ ಮುಂದ ಔಷಧ ಸಿಗಂಗಿಲ್ರಿ ಅಕ್ಕಾರ. ಹಳೇದರ ಜವಾಬ್ದಾರಿ ಯಾರೂ ತಗೊಳ್ಳಂಗಿಲ್ಲ."

ತಿಂಗಳುಗಟ್ಟಲೆ ಅವನನ್ನು ಸತಾಯಿಸಿದಳು. ಕೊನೆಗೆ ಒಪ್ಪಿದಾಗ ಹೇಳಿದ ದಿನ ಅಮಾವಾಸ್ಯೆ. ಸ್ಟೋರೇಜಿನ ಸಾಹುಕಾರರೇ ಬಂದು, "ಅಲ್ಲವಾ, ಅಮಾಸಿ ದಿನ ಹೊಸಾದ್ದು ಹಾಕ್ತಾರೇನ?" ಎಂದರು. "ಅಮಾಸಿಗೆ ಹಮಾಲರೂ ಬರಂಗಿಲ್ಲ, ಹೆಣಮಕ್ಕಳೂ ಬರಂಗಿಲ್ರಿ," ಎಂದಳು ಇವಳು. "ಒಳಗ ಯಾರೂ ಇರದ ದಿನಾನ ನನಗ ಒಳ್ಳೇ ದಿನ." ಸಾಹುಕಾರರು ಏನೋ ಗೊಣಗಿ ಹೋದರು.

ಹಾಕುವ ಮೊದಲು, ಹೊಸದರಲ್ಲಿ ಏನೇನು ಬದಲಾಗಿದೆ ಎಂಬುದನ್ನೆಲ್ಲ ನಾನು ಕನ್ನಡದಲ್ಲಿ ಓದಿ ಹೇಳಬೇಕು, ಅವಳು ಕಣ್ಣು ಮುಚ್ಚಿ ಕೇಳಬೇಕು. ನೋಡಿದವರು ಪುರಾಣ ಓದಿಸುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ.

"ಪರದೆ ಮ್ಯಾಲ ಒಂದ ಕಿಟಕಿಯೊಳಗ ಬರದದ್ದು ಇನ್ನ ಮ್ಯಾಲ ಎಲ್ಲಾ ಕಿಟಕಿಯೊಳಗೂ ನೆನಪಿರತೈತಂತ್ರಿ."

"ಇದು ಯಾರನ್ನ ತಿಂತೈತಿ?"

"ಯಾರನ್ನೂ ಇಲ್ರಿ. ನೆನಪಿನ ಶಕ್ತಿ ಹೆಚ್ಚಾಗೇತಿ, ಅಷ್ಟ."

"ನೆನಪ ಹೆಚ್ಚಿದ್ದವರ ಮನ್ಯಾಗ ಜಗಳಾನೂ ಹೆಚ್ಚ. ಇರಲಿ. ಮುಂದ?"

"ತಪ್ಪ ಮಾತ ಬರದ್ರ ಎಂಟರ್ ಒತ್ತೂಕಿಂತ ಮೊದಲಽ ಕೆಂಪಗ ಕಾಣತೈತಂತ್ರಿ."

"ಚಲೋ ಆತು. ಆದ್ರ ಕೆಂಪಗ ಕಾಣಲಿಲ್ಲಂದ್ರ ಎಲ್ಲಾ ಸರಿ ಅಂತ ಅಲ್ಲ, ತಿಳೀತಿಲ್ಲೋ?"

ಆಮೇಲೆ ಓದಿದ್ದು: ಅರ್ಧ ಬರೆದ ಹೆಸರನ್ನು ಟ್ಯಾಬ್ ಒತ್ತಿ ತುಂಬಿಸುವಾಗ ಇನ್ನು ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಸರೋಜಕ್ಕ ಎದ್ದೇ ನಿಂತಳು. "ಎಲೈ ಇವನ! ನಮ್ಮ ಗಾಲಿ ಗಾಳಿ ಗತಿ ಏನು? ಲಾರಿ ನಿಲ್ಲಸಾಕ ಹೋದ್ರ ಉಸಿರ ನಿಂತಂಗ ಆತಲ್ಲ!" ಕಿರಣ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಅದೊಂದನ್ನು ತೆಗೆಸಿ, ತನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರೆಯಿಸಿ ನೋಡಿ, ಆಮೇಲೆ ಕೂತಳು. ನಾನೂ ಕಿರಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗು ನುಂಗಿದೆವು.

ಇನ್ನೊಂದು ಉಳಿದಿತ್ತು. "ನಾವ ಬರೀತಿರಬೇಕಾದ್ರ ಮುಂದಿನ ಮಾತು ಏನಿರಬಹುದು ಅಂತ ಅದಽ ಊಹಾ ಮಾಡಿ ಬೂದಿ ಬಣ್ಣದಾಗ ತೋರಸ್ತೈತಂತ್ರಿ. ಹೌದಂದ್ರ ಬಾಣದ ಗುರ್ತಿನ ಕೀಲಿ ಒಂದ ಒತ್ತಿದ್ರ ಸಾಕು."

ಸರೋಜಕ್ಕ ಕಿಸಕ್ಕನೆ ನಕ್ಕಳು. "ನಮ್ಮತ್ತಿ ಇದ್ದಂಗ ಐತಲ್ಲ! ನಾ ಬಾಯಿ ತಗದ್ರ ಸಾಕು, ಉಳಿದದ್ದ ಆಕೀನಽ ಹೇಳಿ ಮುಗಸ್ತಿದ್ಲು." ಅವಳಿಗೆ ಬೆರಳ ಸಂದುಗಳಲ್ಲಿ ನೋವಿತ್ತು, ಚಳಿಗಾಲದಲ್ಲಿ ಕೀಲಿ ಒತ್ತುವುದೇ ಕಷ್ಟವಾಗುತ್ತಿತ್ತು. "ಇದೊಂದ ನನಗ ಸೇರಿತ ನೋಡು," ಎಂದಳು. ಯಾರನ್ನು ತಿನ್ನುತ್ತದೆ ಎಂದು ಕೇಳಲಿಲ್ಲ.

ಆಮೇಲೆ ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಸುಗ್ಗಿ ಬಂತು. ಬ್ಯಾಡಗಿಯಲ್ಲಿ ಸುಗ್ಗಿ ಅಂದರೆ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ, ಕಣ್ಣೊರೆಸಿಕೊಳ್ಳುತ್ತದೆ. ಕಾಯಿಯ ಘಾಟಿಗೆ ಬಸ್ಸಿನಿಂದಿಳಿದ ಪರವೂರಿನವರು ಮೂಗು ಮುಚ್ಚಿಕೊಂಡರೆ ನಮಗೆ ನಗು. ಇಲ್ಲಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ಅಭ್ಯಾಸ ಎಂಥದ್ದು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅದೊಂದು ಮಾರ್ಕೆಟ್ಟಿನ ದಿನ. ಮಧ್ಯಾಹ್ನದ ಹೊತ್ತು. ಗೇಟಿನ ಆಚೆ ತನಕ ಲಾರಿಗಳು ಸಾಲಾಗಿ ನಿಂತಿವೆ, ತೂಕದ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ. ಡ್ರೈವರುಗಳು ಹಾರ್ನ್ ಬಾರಿಸುತ್ತಿದ್ದಾರೆ, ಒಬ್ಬ ಕಿಟಕಿಗೆ ಬಂದು, "ಅಕ್ಕಾರ, ಲಗೂ ಮಾಡ್ರಿ, ಗುತ್ತಲಕ್ಕ ಇನ್ನೊಂದ ಟ್ರಿಪ್ ಐತಿ," ಎಂದು ತಲೆ ತಿನ್ನುತ್ತಿದ್ದಾನೆ. ಸರೋಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಲಿಯನ್ನು ನಿಲ್ಲಿಸಿ ಮತ್ತೆ ನಡೆಸಲು ಹೊರಟಳು. ಏನೋ ಒತ್ತಿದಳು. ಕರೇ ಹಲಗೆ ಸುಮ್ಮನಿತ್ತು. ಗಾಲಿ ಮಾತ್ರ ನಿಲ್ಲಲೇ ಇಲ್ಲ. "ಕೇಳವಲ್ದು ಇದು," ಎಂದು ಬೈದು ಎದ್ದುಹೋಗಿ, ತೂಕದ ಯಂತ್ರದ ವೈರನ್ನೇ ಕಿತ್ತು ಸಿಕ್ಕಿಸಿದಳು. ಲಾರಿಗಳು ಸರಿದವು. ಹಾರ್ನು ನಿಂತಿತು. ನಾನು ಚಹಾ ತರಿಸಿದೆ.

ಚಹಾ ಕುಡಿಯುತ್ತಿರುವಾಗ ಗೋಡೆಯಾಚೆಯ ಕೋಲ್ಡ್ ಚೇಂಬರಿನ ಕಡೆಯಿಂದ ಕೆಮ್ಮು ಕೇಳಿಸಿತು. ಒಬ್ಬರದಲ್ಲ, ಇಬ್ಬರು ಮೂವರದು.

"ಅವ್ವನ ಗ್ಯಾಂಗಿಗೆ ಇವತ್ತ ಘಾಟು ಜೋರ ಹತ್ತೇತಿ," ಎಂದು ನಕ್ಕೆ ನಾನು.

ಸರೋಜಕ್ಕ ನಗಲಿಲ್ಲ. ಕಪ್ಪು ಕೆಳಗಿಟ್ಟಳು. ಕಿವಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಸೀನು ಎಲ್ಲಿ?" ಎಂದಳು.

"ಏನ್ರಿ?"

"ಕಾಯಿ ಘಾಟಾದ್ರ ಕೆಮ್ಮಿನ ಕೂಡ ಸೀನು ಬರತೈತಿ ಗೀತಾ. ಇದರಾಗ ಸೀನಿಲ್ಲ. ಇದು... ಇದು ನಮ್ಮನೆಯವರ ಕೆಮ್ಮು."

"ಹಂಗಂದ್ರ ಸೈರನ್ ಆಗಬೇಕಿತ್ತಲ್ರಿ," ಎಂದೆ. ಅವಳು ಆಗಲೇ ಕರೇ ಹಲಗೆಯ ಮುಂದಿದ್ದಳು. ಹಿಂದೆ ಬರೆದದ್ದನ್ನು ತೋರಿಸುವ ಕೀಲಿ ಒತ್ತಿದಳು. ಪರದೆಯ ಮೇಲೆ ಅವಳೇ ಕೊನೆಗೆ ಕೊಟ್ಟ ಆಜ್ಞೆ ಬಂದು ನಿಂತಿತು. ಗಾಲಿ ಅಲ್ಲ. ಎಲ್ ಅಕ್ಷರ ದೊಡ್ಡದು. ನಿಲ್ಲು ಗಾಳಿ.

ಆದದ್ದು ಇಷ್ಟೇ. 'ನಿಲ್ಲು' ಅಂತ ಬರೆದು, 'ಗಾ' ಅಂತ ಶುರು ಮಾಡುತ್ತಿದ್ದಂತೆ ಶೆಲ್ಲು ತಾನೇ ಊಹೆ ಮಾಡಿ, ಬೆಳಿಗ್ಗೆ ಅವಳು ಪರೀಕ್ಷೆಗೆಂದು ಬರೆದ ಮಾತನ್ನೇ ಬೂದಿ ಬಣ್ಣದಲ್ಲಿ ಮುಂದೆ ಹಿಡಿದಿತ್ತು. ಸರಿಯಾದ ಮಾತಾದ್ದರಿಂದ ಕೆಂಪಾಗಿ ಕಾಣಲಿಲ್ಲ. ಬೆರಳು ನೋಯುವ ಸರೋಜಕ್ಕ, ಕಣ್ಣಲ್ಲಿ ನೀರು ತುಂಬಿಕೊಂಡ ಸರೋಜಕ್ಕ, ಬಾಣದ ಕೀಲಿ ಒತ್ತಿ ಎಂಟರ್ ಒತ್ತಿದ್ದಳು. ಅದು ಪಿಟ್ಟೆನ್ನದೆ ಕೆಲಸ ಮುಗಿಸಿತ್ತು. ಅವತ್ತಿನಿಂದ ಇವತ್ತಿನವರೆಗೆ ನಾನು ಅದನ್ನು ಸಾವಿರ ಸಲ ನೆನೆದಿರಬೇಕು, ಅವಳಲ್ಲಿ ತಪ್ಪು ಹುಡುಕಲು ಹೋದರೆ ಸಿಗುವುದು ಅಮಾವಾಸ್ಯೆಯ ದಿನದ ಆ ಒಂದು ನಗು ಮಾತ್ರ.

"ಯಪ್ಪಾ ದೇವರ, ನನ್ನ ಕೈ!" ಎಂದಳು. ಅಷ್ಟೇ. ಪಕ್ಕದ ಕೊಡದ ನೀರಿನಲ್ಲಿ ಸೆರಗನ್ನು ಅದ್ದಿ ಮುಖಕ್ಕೆ ಸುತ್ತಿಕೊಂಡಳು. "ನೀ ಚಾಲೂ ಮಾಡು. ಗ್ಯಾಸ್ ಪ್ಲಾಂಟಿನ ಫಕ್ಕೀರಪ್ಪಗ ವಾಲ್ವು ಬಂದ್ ಮಾಡಂತ ಒದರು. ನಾ ಒಳಗ ಹೊಂಟೆ." ಆ ವಯಸ್ಸಿನಲ್ಲಿ ಅವಳು ಓಡಿದ್ದನ್ನು ನಾನು ಅವತ್ತೇ ನೋಡಿದ್ದು.

ನಾನು ಕಿಟಕಿಯಿಂದ ಒದರಿದೆ. ಕೀಬೋರ್ಡಿನ ಮುಂದೆ ಬಿದ್ದೆ. 'ನಡಿ' ಎಂದು ಬರೆಯಬೇಕು. ಅವಸರದಲ್ಲಿ ಮೊದಲ ಸಲ ತಪ್ಪಾಯಿತು, ಕೆಂಪಾಯಿತು. ಅಳಿಸಿದೆ. ಶಿಫ್ಟ್ ಹಿಡಿದು ದೊಡ್ಡ ಎಲ್ ಒತ್ತುವಾಗ ಇದು ಗಾಳಿಯೋ ಗಾಲಿಯೋ ಎಂದು ಮೂರ್ಖಳ ಹಾಗೆ ಬಾಯಿಬಿಟ್ಟು ಓದಿದೆ. ಎಂಟರ್ ಒತ್ತಿದೆ. ದೇವರೇ, ಬೆಳಿಗ್ಗೆಯ ಹಾಗೆ ಒಂದು ಸಲ ಕೂಗಿ ಸುಮ್ಮನಾಗಲಿ ಎಂದು ಬೇಡಿಕೊಂಡೆ. ಸೈರನ್ ಕೂಗಿತು. ನಿಲ್ಲಲಿಲ್ಲ. ಕೂಗುತ್ತಲೇ ಇತ್ತು. ಅಂದರೆ ಎಲ್ಲೋ ಕೊಳವೆ ಸೋರಿ ಗ್ಯಾಸು ಆಗಲೇ ಒಳಗೆ ತುಂಬಿತ್ತು, ಅವ್ವ ಅದನ್ನೇ ಉಸಿರಾಡುತ್ತ ಚೀಲ ಹೊಲಿಯುತ್ತಿದ್ದಳು.

ಹೊರಗೆ ಬಂದಾಗ ಬಾಗಿಲು ತೆರೆದಿತ್ತು. ಹೆಂಗಸರು ಒಬ್ಬೊಬ್ಬರೇ ಮುಗ್ಗರಿಸುತ್ತ ಹೊರಬೀಳುತ್ತಿದ್ದರು, ಹಮಾಲರು ಅವರ ಕಣ್ಣಿಗೆ ನೀರು ಸುರಿಯುತ್ತಿದ್ದರು. ಎಲ್ಲರ ಮುಖ ನೋಡಿದೆ. ಅವ್ವ ಇರಲಿಲ್ಲ. "ನೀಲವ್ವ ಹಿಂದಿನ ಸಾಲಿನ್ಯಾಗ ಅದಾಳ," ಎಂದು ಯಾರೋ ಕೆಮ್ಮುತ್ತ ಹೇಳಿದರು. ನಾನು ಬಾಗಿಲಿಗೆ ನುಗ್ಗಿದೆ, ಫಕ್ಕೀರಪ್ಪ ರಟ್ಟೆ ಹಿಡಿದು ಎಳೆದು ಕೆಡವಿದ. ಅಲ್ಲಿ ನೆಲದ ಮೇಲೆ ಕೂತು ನಾನು ಏನು ಕೂಗಿದೆನೋ ಗೊತ್ತಿಲ್ಲ. ಅಷ್ಟು ಅಂಜಿಕೆ ಆಮೇಲೆ ಯಾವತ್ತೂ ಆಗಿಲ್ಲ, ಆಗುವುದೂ ಬೇಡ.

ಆಮೇಲೆ ಇಬ್ಬರೂ ಬಂದರು. ಸರೋಜಕ್ಕ ಹಿಂದಿನ ಸಾಲಿನ ತನಕ ಹೋಗಿ ಅವ್ವನನ್ನು ಹುಡುಕಿ ಬಾಗಿಲ ಕಡೆಗೆ ದೂಡಿದ್ದಳು, ಅಲ್ಲೇ ತಾನು ಬಿದ್ದಿದ್ದಳು. ಅವಳ ರಟ್ಟೆ ಹಿಡಿದು ಚೀಲ ಎಳೆದಂತೆ ಎಳೆದು ತಂದವಳು ಅವ್ವ.

ಅವ್ವ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಳು. ಸರೋಜಕ್ಕನ ಉಸಿರು ಮಾತ್ರ ಮರಳಿ ಸರಿಯಾಗಲಿಲ್ಲ. ಅವಳು ರಾಣೆಬೆನ್ನೂರಿನ ಆಸ್ಪತ್ರೆಯಿಂದ ತನ್ನ ಮನೆಗೆ ಬಂದ ಮೇಲೆ ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನ ಜೊತೆ ನೋಡಲು ಹೊರಟಳು. ಸೈರನ್ ಯಾಕೆ ಆಗಲಿಲ್ಲ ಎಂಬುದು ಅವ್ವನಿಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಕೆಟ್ಟಿತ್ತು ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಹೇಳಬೇಕಾದವಳು ಸರೋಜಕ್ಕನೇ ಎಂದು ನಾನೂ ಬಾಯಿ ಬಿಟ್ಟಿರಲಿಲ್ಲ.

ಸರೋಜಕ್ಕ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮುಖ ಇಳಿದುಹೋಗಿತ್ತು, ಕೊರಳ ಎಲುಬು ಎದ್ದು ಕಾಣುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು, "ಏಳ ಏಳ, ನಾಟಕ ಸಾಕು, ಕೋಳಿ ಕೂಗಸವರಿಲ್ಲದ ನಮಗ ಬೆಳಗಾಗವಲ್ದು," ಎಂದು ಶುರು ಮಾಡಿದಳು.

"ನೀಲವ್ವಾ," ಎಂದಳು ಸರೋಜಕ್ಕ. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. "ಕಂಪ್ಯೂಟರ್ ಕೆಟ್ಟಿದ್ದಿಲ್ಲ. ಸೈರನ್ ನಿಲ್ಲಸಿದಾಕಿ ನಾನು. ಲಾರೀದು ನಿಲ್ಲಸಾಕ ಹೋಗಿ ನಿಮ್ಮದು ನಿಲ್ಲಸಿದೆ. ನನ್ನ ಕೈಯಾರೆ."

ಅವ್ವನಿಗೆ ಮೊದಲು ತಿಳಿಯಲಿಲ್ಲ. ನನ್ನ ಕಡೆ ನೋಡಿದಳು. ನಾನು ಹೌದೆಂದು ಗೋಣು ಹಾಕಿದೆ. ಅವ್ವ ರೊಟ್ಟಿಯ ಗಂಟನ್ನು ಬಿಚ್ಚುತ್ತಿದ್ದವಳು ಹಾಗೇ ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ, ಅಳುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

"ಸರೋಜವ್ವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ," ಎಂದಳು. "ಆದ್ರ ಒಂದ ಮಾತ ಹೇಳು. ಗುಬ್ಬಿ ಹಾರಿದ್ರ ಅಂಜಾಕಿ ನೀನು. ನಿನ್ನ ಕೈಯಾಗಽ ಹಿಂಗಾತು. ಇನ್ನ ಆ ಕುರ್ಚಿ ಮ್ಯಾಲ ಕುಂದ್ರಾಕಿ ನನ್ನ ಮಗಳು. ಇಕಿಗೆ ಅಂಜಿಕಿ ಅನ್ನೂದಽ ಗೊತ್ತಿಲ್ಲ. ಇಕಿ ಕೈಯಾಗ ನಾ ಹೆಂಗ ಉಳೀತೇನಿ?"

ಸರೋಜಕ್ಕ ನನ್ನನ್ನು ನೋಡಿದಳು. "ಈಗ ಅಂಜತಾಳ ತಗೋ," ಎಂದಳು. "ಆಕಿ ಮುಖಾ ನೋಡು."

ಅದೇ ಕೊನೆಯ ಭೇಟಿ. ಆಮೇಲೆ ಅವಳ ತಮ್ಮ ಬಂದು ಗುತ್ತಲಕ್ಕೆ ಕರೆದುಕೊಂಡು ಹೋದ, ಮಳೆಗಾಲ ಮುಗಿಯುವುದರೊಳಗೆ ಅಲ್ಲೇ ತೀರಿಕೊಂಡಳು. ಮಣ್ಣಿಗೆ ಅವ್ವನೂ ಬಂದಿದ್ದಳು.

ಈಗ ಸಾಹುಕಾರರು ಕಂಪ್ಯೂಟರಿನ ಹಂಗಿಲ್ಲದ ಇನ್ನೊಂದು ಸೈರನ್ ಹಾಕಿಸಿದ್ದಾರೆ. ಶೆಲ್ಲು ಊಹೆ ಮಾಡುವುದನ್ನು ನಾನು ತೆಗೆಸಿದ್ದೇನೆ. ಗಾಳಿಗೆ ಮೊದಲಕ್ಷರವೇ ಬೇರೆಯಿರುವ ಹೆಸರು ಕೊಟ್ಟಿದ್ದೇನೆ. ಇಷ್ಟಾದರೂ ಹೊಸ ಆವೃತ್ತಿ ಬಂದಿದೆ ಎಂದು ಪರದೆಯ ಮೇಲೆ ಸಾಲೊಂದು ಮೂಡಿದರೆ ಬದಲಾದದ್ದನ್ನೆಲ್ಲ ಕೂತು ಓದುತ್ತೇನೆ. ಇದರಲ್ಲಿ ನನಗೆ ಇಷ್ಟವಾಗುವಂಥದ್ದು ಏನಾದರೂ ಇದೆಯೋ ಎಂದು ಮೊದಲು ಹುಡುಕುತ್ತೇನೆ, ಸಿಕ್ಕರೆ ಅಂಜುತ್ತೇನೆ.

ಅವ್ವ ಕೆಲಸ ಬಿಟ್ಟಿಲ್ಲ. ಬೇಡ ಎಂದರೆ, "ಗ್ಯಾಂಗು ಯಾರು ನೋಡ್ತಾರ, ನಿಮ್ಮಪ್ಪ?" ಎನ್ನುತ್ತಾಳೆ. ಸ್ವೆಟರ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಚೇಂಬರಿಗೆ ಹೋಗುವ ಮುನ್ನ ನನ್ನ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಾಳೆ. ಮೊದಲೆಲ್ಲ ನನ್ನ ಮುಖ ನೋಡಿ, "ನಾಷ್ಟಾ ಮಾಡಿದೇನ?" ಎನ್ನುತ್ತಿದ್ದಳು. ಈಗ ಮುಖ ನೋಡುವುದಿಲ್ಲ. ನನ್ನ ಕೈ ನೋಡುತ್ತಾಳೆ. ನಾನು ಎರಡೂ ಕೈಗಳನ್ನು ಕೀಬೋರ್ಡಿನಿಂದ ಮೇಲೆತ್ತಿ ತೋರಿಸುತ್ತೇನೆ. ಆಮೇಲೆ ಅವ್ವ ಒಳಗೆ ಹೋಗುತ್ತಾಳೆ.